ನಡುವಿನ ಪದರು

ಮೊಣಕೈ ಮಡಿಕೆಯಿಂದ ಎರಡು ಗಾಜಿನ ನಳಿಕೆಯಷ್ಟು ನೆತ್ತರು.
ಒಳಗೆ ಏನೂ ಬೆರೆಸಿಲ್ಲ, ಅದಕ್ಕೇ ಆತುರ:
ಸೂಜಿ ಕಿತ್ತ ಗಳಿಗೆಯಿಂದ ಅದು
ಯಾರೂ ಕರೆಯದೆ ಹೆಪ್ಪಿನ ಕಡೆ ಹೊರಟಿರುತ್ತದೆ.
ಎದುರುಬದುರು ಕೂರಿಸಿ, ತೂಕ ಸರಿನೋಡಿ
ಮುಚ್ಚಳ ಹಾಕಿ ಗುಂಡಿ ಒತ್ತುತ್ತೇನೆ.
ಯಂತ್ರ ಮೊದಲು ಗೊಣಗುತ್ತದೆ, ಆಮೇಲೆ
ದೂರದ ಹಿಟ್ಟಿನ ಗಿರಣಿಯಂತೆ ಒಂದೇ ಎಳೆ ಹಿಡಿಯುತ್ತದೆ.
ಹನ್ನೆರಡು ನಿಮಿಷ.

ಕಲಬುರಗಿ, ಮೇ ತಿಂಗಳು. ಬೆಳಗಿನ ಒಂಬತ್ತಕ್ಕೇ
ಕಿಟಕಿಯ ಸರಳು ಮುಟ್ಟಲಾಗದು.
ಬಾಕಿನ ಮೇಲೆ ಕಾಲು ಚಾಚಿ ಕೂತಿದ್ದಾನೆ ಸೈಬಣ್ಣ,
ಶಹಾಬಾದಿನ ಖಣಿಯಲ್ಲಿ ಮೂವತ್ತೊಂದು ವರ್ಷ
ಪರಸಿ ಎಬ್ಬಿಸಿದವ.
ಬಲ ಹಿಮ್ಮಡಿಯಲ್ಲೊಂದು ಕುಣಿ,
ಎಂಟಾಣೆಯಷ್ಟಿದ್ದದ್ದು ಈಗ ಬೆಳ್ಳಿ ರೂಪಾಯಿಯಷ್ಟು.
ಹೆಸರು ಹೇಳಿದರೆ ಪಕ್ಕದವರು ಸರಿದು ಕೂರುವ
ಆ ಹಳೆಯ ರೋಗ. ಗುಳಿಗೆ ನುಂಗಿ ಮುಗಿಸಿ ಎಷ್ಟೋ ವರ್ಷವಾಯಿತು.
ರೋಗ ಹೋಯಿತು; ಹೋಗುವಾಗ ಪಾದದ ಅರಿವನ್ನು
ಗಂಟು ಕಟ್ಟಿಕೊಂಡು ಹೋಯಿತು.
ಮೊಳೆ ಹೊಕ್ಕಿದ್ದು ಆತನಿಗೆ ತಿಳಿದದ್ದು
ಚಪ್ಪಲಿ ಒದ್ದೆಯಾದಾಗ.

ಮೊದಲ ವಾರ ಕರೆಂಟು ಹೋಯಿತು, ನಾಲ್ಕನೆಯ ನಿಮಿಷಕ್ಕೆ.
ತೆಗೆದು ನೋಡಿದರೆ ಪದರಿಲ್ಲ, ಅಂಚಿಲ್ಲ,
ನೇರಳೆ ಬಣ್ಣದ ಒಂದು ಮುದ್ದೆ.
"ಏನಾತು ಯವ್ವಾ?"
"ಹಾಳಾತು ಮುತ್ಯಾ. ಮತ್ತ ತೆಗೀಬೇಕು."
ಇನ್ನೊಂದು ತೋಳು ಚಾಚಿದ.
"ಒಂದು ಪರಸಿ ಒಡದ್ರ ಖಣಿ ಮುಚ್ಚತಾರೇನು?"
ನರ ಸಿಗಲಿಲ್ಲ. ಮೂರು ಸಲ ಚುಚ್ಚಿದೆ.
ಹಲ್ಲು ಕಚ್ಚಿದ, ಆಮೇಲೆ ನಕ್ಕ:
"ಇಲ್ಲಿ ನೋಯ್ತದ ನೋಡು. ಛಲೋ ಆತು."

ಕರೆಂಟು ಬಂದ ಮೇಲಿನ ನಳಿಕೆಯನ್ನು ಬೆಳಕಿಗೆ ಹಿಡಿದೆ.
ತಳದಲ್ಲಿ ದಟ್ಟ ಕೆಂಪು,
ಮೇಲೆ ಕುಸುಬಿ ಎಣ್ಣೆಯ ತಿಳಿ ಹಳದಿ,
ನಡುವೆ ಆಗಷ್ಟೇ ಇಳಿಸಿದ ಗಿಣ್ಣದಂಥ ಒಂದು ಕಂಬ.
ಸೈಬಣ್ಣ ಕನ್ನಡಕ ಸರಿಮಾಡಿಕೊಂಡು
ಕಲ್ಲಿನ ಅಂಚು ನೋಡುವ ಹಾಗೆ ಉಸಿರು ಹಿಡಿದು ನೋಡಿದ.
"ಮ್ಯಾಲಿಂದು ಬರೇ ಮಣ್ಣು, ತಳದಾಗಿಂದು ಬಿರುಸು,
ಮಾಲು ಅಂದ್ರ ನಡುವಿಂದು. ಅಲ್ಲೇನು?"
ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ ಅದನ್ನು, ನಾಲ್ಕು ಪುಟ.

ಚಿಮಟದಲ್ಲಿ ಎತ್ತಿ ಕೆಂಪು ಬಾಲ ಕತ್ತರಿಸಿದೆ.
ಪೂರಾ ಅಲ್ಲ, ಅಂದಿದ್ದರು ನುಝಹತ್ ಡಾಕ್ಟರು,
ದುಡಿಯುವ ಕಣಗಳೆಲ್ಲ ಗಡಿಯಲ್ಲೇ ಇರುತ್ತವೆ,
ಕೂದಲೆಳೆಯಷ್ಟು ಕೆಂಪು ಬಿಡು.
ಎರಡು ತಟ್ಟೆಯ ನಡುವೆ ಒತ್ತಿದೆ, ನೀರು ಇಳಿಯಿತು,
ಉಳಿದದ್ದೊಂದು ಪೊರೆ,
ಎಳೆದರೆ ಹಿಗ್ಗುವ, ಬಿಟ್ಟರೆ ಕೂಡುವ,
ಅರ್ಧ ಗಂಟೆಯ ಹಿಂದೆ ಆತನ ಮೈಯಲ್ಲಿ ಹರಿಯುತ್ತಿದ್ದದ್ದು.
ಕುಣಿಯ ಮೇಲೆ ಹಾಸಿದೆವು. ತಾನಾಗಿ ಅಂಟಿತು.
"ನಂದೇ ಅರಿವಿ," ಅಂದ, "ನಂದೇ ತ್ಯಾಪಿ."

ಮಂಗಳವಾರಕ್ಕೊಂದು ಪಾರದರ್ಶಕ ಹಾಳೆ.
ಗಾಯದ ಮೇಲಿಟ್ಟು ಅಂಚಿಗೆ ಗೆರೆ ಎಳೆಯುತ್ತೇನೆ.
ಒಂದರ ಮೇಲೊಂದು ಇಟ್ಟರೆ
ಬೇಸಿಗೆಯ ಕೆರೆ ದಿನದಿನಕ್ಕೆ ಒಳಸರಿದ ಹಾಗೆ.
ಮೂರನೆಯ ಗೆರೆ ಮಾತ್ರ ಹೊರಕ್ಕೆ ಜಾರಿದೆ:
ಮೊಮ್ಮಗಳ ನಿಶ್ಚಯಕ್ಕೆ ವಾಡಿಯ ತನಕ ನಡೆದೇ ಹೋಗಿದ್ದನಂತೆ.
ಬೈದೆ.
ಕಿಸೆಯಿಂದ ಪೇಡೆ ತೆಗೆದು ಕೊಟ್ಟ.

ಎಂಟನೆಯ ಮಂಗಳವಾರ ಗೆರೆ ಎಳೆಯಲು ಜಾಗವಿರಲಿಲ್ಲ.
ಹೊಸ ಚರ್ಮ, ಈರುಳ್ಳಿಯ ಒಳಪೊರೆಯಂತೆ,
ಸುತ್ತಲಿನ ಕಪ್ಪು ಬಿರುಕುಗಳ ನಡುವೆ ಸಂಕೋಚದಿಂದ.
ನುಝಹತ್ ಡಾಕ್ಟರು ಮೊಬೈಲಲ್ಲಿ ಫೋಟೋ ತೆಗೆದರು,
ಎರಡು ಸಲ, ಮೊದಲನೆಯದರಲ್ಲಿ ಅವರ ಕೈ ನಡುಗಿತ್ತು.

"ಕಣ್ಣು ಮುಚ್ಚು ಮುತ್ಯಾ.
ಮುಟ್ಟಿದಾಗ ಹ್ಞೂಂ ಅನ್ನು."
ನೈಲಾನ್ ಎಳೆಯ ತುದಿ ಹಿಮ್ಮಡಿಗೆ ತಾಗಿ ಬಾಗಿತು.
ಹೆಬ್ಬೆರಳಿಗೆ ತಾಗಿ ಬಾಗಿತು.
ಪಾದದ ನಡುವಿಗೆ, ಅಂಚಿಗೆ, ಮತ್ತೆ ಹಿಮ್ಮಡಿಗೆ.
ಫ್ಯಾನು ತಿರುಗುತ್ತಿತ್ತು.
"ಇನ್ನಾ ಶುರು ಮಾಡಿಲ್ಲೇನು ಯವ್ವಾ?"

ನೆತ್ತರಿಗೆ ಚರ್ಮ ನೇಯಲು ಬರುತ್ತದೆ.
ಸುದ್ದಿ ಒಯ್ಯುವ ದಾರ ಅದಕ್ಕೆ ಸಿಕ್ಕುವುದಿಲ್ಲ.
ಹಾಗೆಂದು ಹೇಳಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ
ಕೆಂಪು ಪ್ಲಾಸ್ಟಿಕ್ ಕಟ್ಟಿನ ಕನ್ನಡಿ ಕೈಗಿಟ್ಟೆ.
"ದಿನಾ ಸಂಜಿಗಿ ಕಾಲು ತೊಳದು ಇದರಾಗ ನೋಡ್ಕೋ.
ಅದಕ್ಕ ತಿಳಿಯಂಗಿಲ್ಲ, ನಿನ್ನ ಕಣ್ಣಿಗೆ ತಿಳೀಬೇಕು."

ಕನ್ನಡಿ ಹಿಡಿದ. ಮೊದಲು ಮೀಸೆ ತೀಡಿಕೊಂಡ.
ಹಲ್ಲಿನ ನಡುವಿನ ಎಲೆಯ ಚೂರು ತೆಗೆದ.
ಆಮೇಲೆ ಬಹಳ ಹೊತ್ತು,
ಬೇರೆ ಯಾರದೋ ಕೂಸನ್ನು ನೋಡುವ ಹಾಗೆ,
ಹಿಮ್ಮಡಿ.